ಹಾಸನದ ಒಂದು ಫೈನಾನ್ಸ್ ಕಂಪನಿಯ ಮಾರ್ಟ್‌ಗೇಜ್ ಲೋನ್: ಮೂರು ವರ್ಷ ಕಂತು ಕಟ್ಟಿದವನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡೂವರೆ ಸ್ಟಾರ್. ಸಾಲ ಕೈಗೆ ಬಂದ ದಿನ ಕೇಳಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಸಾಲ ತೀರಿಸಲು ಹೋದ ದಿನ ಅದು ಒಂದಕ್ಕೆ ಇಳಿಯಿತು. ಆಮೇಲೆ ಒಂದಿಷ್ಟು ದುಡ್ಡು ವಾಪಸ್ ಬಂದಿದ್ದರಿಂದ ಎರಡೂವರೆಯಲ್ಲಿ ನಿಲ್ಲಿಸಿದ್ದೇನೆ. ಕಂಪನಿ ಹೆಸರು ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ. ಬಿ.ಎಂ. ರಸ್ತೆ ಹಿಡಿದು ನಡೆದರೆ ಇಂಥ ಬೋರ್ಡುಗಳು ಎಷ್ಟು ಸಿಗುತ್ತವೆ ಅಂತ ಹಾಸನದವರಿಗೆ ಗೊತ್ತು. ದೊಡ್ಡ ಕಂಪನಿ, ಆರ್‌ಬಿಐ ನೋಂದಣಿ ಇದೆ, ಅವರ ಭಾಷೆಯಲ್ಲಿ ಎನ್‌ಬಿಎಫ್‌ಸಿ, ಅಂದರೆ ಬ್ಯಾಂಕಲ್ಲದ ಹಣಕಾಸು ಕಂಪನಿ. ಈ ‘ಆರ್‌ಬಿಐ ನೋಂದಣಿ’ ಅನ್ನುವುದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನನ್ನ ಕಥೆಯೆಲ್ಲಾ ಅದರ ಸುತ್ತಲೇ ತಿರುಗುವುದು.

ನನ್ನದು ಸಾಲಗಾಮೆ ರಸ್ತೆ ಕಡೆ ಮೋಟಾರ್ ರಿವೈಂಡಿಂಗ್ ಅಂಗಡಿ. ಅಪ್ಪನದು ಅರೇಹಳ್ಳಿ ಹತ್ತಿರ ಮೂರೂವರೆ ಎಕರೆ ಕಾಫಿ. 2022ರ ಫೆಬ್ರವರಿಯಲ್ಲಿ ಮಗಳ ಇಂಜಿನಿಯರಿಂಗ್ ಫೀಸು, ಮನೆಯ ಮೇಲಿನ ಅಂತಸ್ತಿನ ಅರ್ಧಕ್ಕೆ ನಿಂತ ಕೆಲಸ, ಎರಡೂ ಒಟ್ಟಿಗೆ ತಲೆ ಮೇಲೆ ಬಂದವು. ಬ್ಯಾಂಕಿಗೆ ಹೋದೆ. ಮೂರು ವರ್ಷದ ರಿಟರ್ನ್ಸ್ ತನ್ನಿ ಅಂದರು. ನಾನು ಎರಡು ವರ್ಷದ್ದು ಮಾತ್ರ ಸಲ್ಲಿಸಿದ್ದೆ, ಕೊರೋನಾ ವರ್ಷ ಬಿಟ್ಟುಹೋಗಿತ್ತು. ತೋಟ ಅಡವಿಡೋಣ ಎಂದರೆ ಅಪ್ಪ ಒಪ್ಪಲಿಲ್ಲ. ‘ಮನೆ ಬೇಕಾದರೆ ಇಡು, ತೋಟದ ಪತ್ರ ಮುಟ್ಟಬೇಡ’ ಅಂದರು. ಅವರ ಭಯಕ್ಕೆ ಕಾರಣ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಇಷ್ಟೊತ್ತಿಗೆ ಈ ಕಂಪನಿಯ ಹುಡುಗ ಅಂಗಡಿಗೇ ಬಂದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಟ್ಯಾಬ್, ಬಾಯಲ್ಲಿ ‘ಸಾರ್ ಸಾರ್’. ನಿಜ ಹೇಳಬೇಕೆಂದರೆ ಅವನ ಕೆಲಸದ ಬಗ್ಗೆ ನನಗೆ ದೂರಿಲ್ಲ. ಖಾತಾ, ಕಂದಾಯದ ರಸೀದಿ, ಇಸಿ, ಕ್ರಯಪತ್ರ ಎಲ್ಲಾ ಅವನೇ ಜೋಡಿಸಿಕೊಂಡ. ವಕೀಲರು ಪತ್ರ ನೋಡಿದರು, ಇಂಜಿನಿಯರ್ ಬಂದು ಮನೆ ಅಳೆದರು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎಂಒಡಿಟಿ ಅಂದರೆ ಪತ್ರ ಠೇವಣಿ ಇಟ್ಟ ಕರಾರು ನೋಂದಣಿ ಆಯಿತು. ಒಟ್ಟು ಒಂಬತ್ತು ದಿನ. ಬ್ಯಾಂಕಿನಲ್ಲಿ ಒಂಬತ್ತು ದಿನಕ್ಕೆ ನನ್ನ ಫೈಲು ಮೇಜಿನಿಂದ ಮೇಜಿಗೂ ಹೋಗಿರಲಿಲ್ಲ. ಶಾಖೆಯಲ್ಲಿ ಕೂರಲು ಕುರ್ಚಿ, ಕುಡಿಯಲು ನೀರು, ಕನ್ನಡದಲ್ಲಿ ಮಾತಾಡುವ ಸಿಬ್ಬಂದಿ. ನಾಲ್ಕೂವರೆ ಸ್ಟಾರ್ ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಈಗ ದುಡ್ಡಿನ ಲೆಕ್ಕ. 14 ಲಕ್ಷ, ಹತ್ತು ವರ್ಷ, ವರ್ಷಕ್ಕೆ ಶೇ 15.5, ಫ್ಲೋಟಿಂಗ್, ಅಂದರೆ ಏರಿಳಿಯುವ ಬಡ್ಡಿ. ಕಂತು ತಿಂಗಳಿಗೆ 23 ಸಾವಿರದ ಮೇಲೆ ಚಿಲ್ಲರೆ. ಪ್ರೊಸೆಸಿಂಗ್ ಫೀ ಶೇ 2, ಅಂದರೆ 28 ಸಾವಿರ, ಅದಕ್ಕೆ ಜಿಎಸ್‌ಟಿ ಸೇರಿ 33,040. ಜೊತೆಗೆ ಸಾಲಕ್ಕೊಂದು ಇನ್ಶೂರೆನ್ಸ್, 38 ಸಾವಿರ. ಅದು ಬೇಕಾ ಅಂತ ಯಾರೂ ಕೇಳಲಿಲ್ಲ, ಬೇಡ ಅಂತ ನಾನೂ ಹೇಳಲಿಲ್ಲ. ಎಲ್ಲಾ ಮುರಿದುಕೊಂಡು ಖಾತೆಗೆ ಬಂದಿದ್ದು 13 ಲಕ್ಷ 29 ಸಾವಿರಕ್ಕೆ ನಲವತ್ತು ರೂಪಾಯಿ ಕಮ್ಮಿ. ಆದರೆ ಬಡ್ಡಿ ಓಡುವುದು 14 ಲಕ್ಷದ ಮೇಲೆ. ಕೈಗೆ ಬಂದ ದುಡ್ಡಿಗೆ ಲೆಕ್ಕ ಹಾಕಿದರೆ ಬಡ್ಡಿ 15.5 ಅಲ್ಲ, ಹತ್ತಿರ ಹತ್ತಿರ 17. ಇದನ್ನು ನಾನು ಅವತ್ತು ಲೆಕ್ಕ ಹಾಕಲಿಲ್ಲ. ಮೂರು ವರ್ಷ ಆದಮೇಲೆ ಮಗಳು ಲ್ಯಾಪ್‌ಟಾಪ್‌ನಲ್ಲಿ ತೋರಿಸಿದಳು. ಫೀಸು ಕಟ್ಟಿದ್ದಕ್ಕೆ ಅಷ್ಟಾದರೂ ಬಂತು.

ಇನ್ನೊಂದು ಸಂಗತಿ ಇದೆ, ಇದು ನನ್ನ ತಪ್ಪೂ ಹೌದು. ಅರ್ಜಿಯಲ್ಲಿ ಸಾಲದ ಉದ್ದೇಶ ಅನ್ನುವ ಕಡೆ ಹುಡುಗ ‘ಬಿಸಿನೆಸ್’ ಅಂತ ಹಾಕಿದ. ‘ಸಾರ್, ಅಂಗಡಿ ಇದೆಯಲ್ಲ, ಬಿಸಿನೆಸ್ ಅಂದರೆ ಬೇಗ ಆಗುತ್ತೆ’ ಅಂದ. ನಾನು ಸುಮ್ನೆ ಸಹಿ ಹಾಕಿದೆ. ಎಷ್ಟು ಸಹಿ ಅಂತ ಎಣಿಸಲಿಲ್ಲ, ಪೆನ್ನಿನ ರೀಫಿಲ್ ಖಾಲಿಯಾಗುವಷ್ಟು. ಆ ಒಂದು ಪದಕ್ಕೆ ಕೊನೆಗೆ 55 ಸಾವಿರ ಕೊಟ್ಟೆ.

ನಡುವೆ ಒಂದೇ ಒಂದು ಕಂತು ತಪ್ಪಿತು. ಅಪ್ಪನಿಗೆ ಆಪರೇಷನ್ ಆದ ತಿಂಗಳು. ರಾತ್ರಿ ಎಂಟೂವರೆಗೆ ಫೋನು, ಆಸ್ಪತ್ರೆ ವಾರ್ಡಿನ ಹೊರಗೆ ನಿಂತಿದ್ದೆ. ‘ಕಟ್ಟದಿದ್ದರೆ ಸರ್ಫೇಸಿ ಹಾಕಿ ಮನೆಗೆ ಬೀಗ ಜಡಿಯುತ್ತೇವೆ’ ಅಂತ ವಸೂಲಿಯವನು. ಒಂದು ಕಂತಿಗೆ! ಅವತ್ತು ಕೈಕಾಲು ತಣ್ಣಗಾಗಿತ್ತು. ಆಮೇಲೆ ತಿಳಿದದ್ದು ಹೇಳುತ್ತೇನೆ. ಸಾಲ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಬಾರದು ಅಂತ ಆರ್‌ಬಿಐ 2022ರ ಆಗಸ್ಟಿನಲ್ಲೇ ಹೇಳಿದೆ. ಸರ್ಫೇಸಿ ಅನ್ನುವುದು 2002ರ ಕೇಂದ್ರ ಕಾಯ್ದೆ. ಕೋರ್ಟಿಗೆ ಹೋಗದೆ ಅಡವಿಟ್ಟ ಆಸ್ತಿ ಹಿಡಿಯುವ ಅಧಿಕಾರ ಕೊಡುತ್ತದೆ, ಆದರೆ ಅದಕ್ಕೂ ಮೊದಲು ಸಾಲ ಎನ್‌ಪಿಎ, ಅಂದರೆ ಕಂತು ನಿಂತುಹೋದ ಕೆಟ್ಟ ಸಾಲ, ಆಗಬೇಕು, 60 ದಿನದ ನೋಟಿಸ್ ಕೊಡಬೇಕು. ಅದಕ್ಕಿಂತ ಮುಖ್ಯ, ಎನ್‌ಬಿಎಫ್‌ಸಿಗಳು ಅದನ್ನು 20 ಲಕ್ಷ ಅಥವಾ ಜಾಸ್ತಿ ಸಾಲಕ್ಕೆ ಮಾತ್ರ ಬಳಸಬಹುದು. ನನ್ನದು 14 ಲಕ್ಷ. ಅಂದರೆ ಆ ಮನುಷ್ಯ ತನ್ನ ಹತ್ತಿರ ಇಲ್ಲದ ಬೀಗ ತೋರಿಸಿ ಹೆದರಿಸಿದ್ದ.

ಅಪ್ಪನ ಭಯವೂ ಇದೇ ಸರ್ಫೇಸಿಯದು. ಆ ಕಾಯ್ದೆಯಲ್ಲಿ ಕೃಷಿ ಜಮೀನಿಗೆ ವಿನಾಯಿತಿ ಇದೆ. ಆದರೆ ಕಾಫಿ ತೋಟ ಕೃಷಿ ಜಮೀನೋ ಪ್ಲಾಂಟೇಶನ್ನೋ ಅನ್ನುವ ಜಗಳ ನಮ್ಮ ಕಡೆ, ಚಿಕ್ಕಮಗಳೂರು ಕಡೆ, ಕೊಡಗಿನಲ್ಲಿ ವರ್ಷಗಳಿಂದ ನಡೆದಿದೆ. ಸಾಲ ಬಾಕಿ ಇದ್ದ ತೋಟಗಳನ್ನು ಹರಾಜಿಗೆ ಹಾಕಿದಾಗ ಬೆಳೆಗಾರರು ಬೀದಿಗಿಳಿದರು, ಬೆಂಗಳೂರಿಗೆ ಹೋದರು, ಮನವಿ ಕೊಟ್ಟರು. ರಾಜ್ಯದವರು ಏನು ಹೇಳಬೇಕು? ಕಾಯ್ದೆ ಕೇಂದ್ರದ್ದು, ನಾವೂ ಡೆಲ್ಲಿಗೆ ಪತ್ರ ಬರೆಯುತ್ತೇವೆ ಅನ್ನಬೇಕು, ಅಷ್ಟೇ.

ಇನ್ನು ಈ ರಿವ್ಯೂ ಬರೆಯಲು ಕಾರಣವಾದ ಭಾಗ. 2025ರ ಫೆಬ್ರವರಿ ನೆನಪಿದೆಯಲ್ಲ? ಮೈಕ್ರೋ ಫೈನಾನ್ಸ್ ಕಾಟ ಅಂತ ಪೇಪರ್ ತುಂಬಾ ಅದೇ ಸುದ್ದಿ. ಸರ್ಕಾರ ಸುಗ್ರೀವಾಜ್ಞೆ ಕಳಿಸಿತು, ರಾಜ್ಯಪಾಲರು ಒಂದು ಸಲ ವಾಪಸ್ ಕಳಿಸಿದರು, ಆಮೇಲೆ 12ನೇ ತಾರೀಕು ಜಾರಿಗೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದೇ ವಾರ ಒಬ್ಬ ಗಿರಾಕಿ ದುಡ್ಡು ಕೊಡಲು ತನ್ನ ಪರಿಚಯದ ಲೇವಾದೇವಿ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದ. ಗೋಡೆಯಲ್ಲಿ ಲೈಸೆನ್ಸ್ ಫ್ರೇಮ್ ಹಾಕಿ ತೂಗಿಹಾಕಿದ್ದರು, ಪಕ್ಕದಲ್ಲಿ ಬರೆದಿತ್ತು: ಭದ್ರತೆ ಇರುವ ಸಾಲಕ್ಕೆ ವರ್ಷಕ್ಕೆ ಶೇ 14, ಭದ್ರತೆ ಇಲ್ಲದ ಸಾಲಕ್ಕೆ ಶೇ 16.

ನಾನು ಮನೆಯನ್ನೇ ಅಡವಿಟ್ಟವನು. ಅದಕ್ಕಿಂತ ಭದ್ರತೆ ಇನ್ನೇನು ಬೇಕು? ನನಗೆ 15.5 ಹೇಗೆ? ತಲೆಯಲ್ಲಿ ಹುಳ ಬಿಟ್ಟಂತಾಯಿತು. ಮರುದಿನ ಅಂಗಡಿ ಮಧ್ಯಾಹ್ನ ಮುಚ್ಚಿ, ಸುಗ್ರೀವಾಜ್ಞೆಯ ಸುದ್ದಿ ಇದ್ದ ಪೇಪರ್ ಒಂದು ಕೈಯಲ್ಲಿ, ಸಾಲದ ಪತ್ರ ಇನ್ನೊಂದು ಕೈಯಲ್ಲಿ, ಸಹಕಾರ ಇಲಾಖೆಯ ಕಚೇರಿಗೆ ಹೋದೆ. ಲೇವಾದೇವಿಯವರಿಗೆ ಲೈಸೆನ್ಸ್ ಕೊಡುವುದು ಅವರೇ ಅಲ್ವಾ. ಅಲ್ಲಿದ್ದ ಅಧಿಕಾರಿ ಒಳ್ಳೆಯವರು. ಕೂರಿಸಿ, ಪತ್ರದ ಮೊದಲ ಪುಟ ನೋಡಿ, ಕಂಪನಿ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿದ್ದ ನೋಂದಣಿ ಸಂಖ್ಯೆಯ ಮೇಲೆ ಪೆನ್ನು ಇಟ್ಟರು. ‘ಇದು ಆರ್‌ಬಿಐದು. ನಮ್ಮ ಕೈಗೆ ಬರೋದಿಲ್ಲ’ ಅಂದರು. ಹಾಗಾದರೆ ಹೊಸ ಸುಗ್ರೀವಾಜ್ಞೆ? ಅದೂ ಆರ್‌ಬಿಐ ನೋಂದಣಿ ಇರುವ ಬ್ಯಾಂಕು, ಫೈನಾನ್ಸುಗಳಿಗೆ ಅಲ್ಲ. ಪೇಪರಿನ ದಪ್ಪ ಅಕ್ಷರ ಓದಿ ಬಂದವನು ನಾನು, ಸಣ್ಣ ಅಕ್ಷರ ಓದಿದವರು ಅವರು.

ಇದು ಯಾಕೆ ಹೀಗೆ ಅಂತ ತಿಳಿದುಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ನಿಮಗೆ ಎರಡು ನಿಮಿಷದಲ್ಲಿ ಹೇಳುತ್ತೇನೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರಕ್ಕೊಂದು ಪಟ್ಟಿ, ರಾಜ್ಯಕ್ಕೊಂದು ಪಟ್ಟಿ. ಲೇವಾದೇವಿ ರಾಜ್ಯದ ಪಟ್ಟಿಯಲ್ಲಿ 30ನೇ ಬಾಬ್ತು. ಬ್ಯಾಂಕಿಂಗು, ರಿಸರ್ವ್ ಬ್ಯಾಂಕು ಕೇಂದ್ರದ ಪಟ್ಟಿಯಲ್ಲಿ. ನಮ್ಮ ರಾಜ್ಯ ತನ್ನ ಪಟ್ಟಿ ಹಿಡಿದು 1961ರಲ್ಲಿ ಲೇವಾದೇವಿ ಕಾಯ್ದೆ, ಗಿರವಿ ಕಾಯ್ದೆ ಮಾಡಿತು, 2004ರಲ್ಲಿ ಮಿತಿಮೀರಿದ ಬಡ್ಡಿ ತಡೆಯುವ ಕಾಯ್ದೆ ಮಾಡಿತು. ಸರಿ, ಫೈನಾನ್ಸ್ ಕಂಪನಿ ಯಾವ ಪಟ್ಟಿಗೆ? ಸಾಲ ಕೊಟ್ಟು ಬಡ್ಡಿ ತಗೊಳ್ಳುತ್ತದೆ, ಹಾಗಾಗಿ ಲೇವಾದೇವಿ ಅಂತ ರಾಜ್ಯಗಳ ವಾದ. ಕೇರಳ ತನ್ನ 1958ರ ಕಾಯ್ದೆಯನ್ನು ಕಂಪನಿಗಳ ಮೇಲೆ ಹಾಕಿತು, ಗುಜರಾತ್ ತನ್ನ 2011ರ ಕಾಯ್ದೆಯನ್ನು ಹಾಕಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 2022ರ ಮೇ 10ಕ್ಕೆ ನೆಡುಂಪಿಳ್ಳಿ ಫೈನಾನ್ಸ್ ಪ್ರಕರಣದಲ್ಲಿ ತೀರ್ಪು ಬಂತು. ಆರ್‌ಬಿಐ ಕಾಯ್ದೆಯ ಮೂರು-ಬಿ ಅಧ್ಯಾಯದಲ್ಲಿ ಇವುಗಳ ನೋಂದಣಿಯಿಂದ ಮುಚ್ಚುವವರೆಗೆ ಎಲ್ಲಾ ಹಿಡಿತ ರಿಸರ್ವ್ ಬ್ಯಾಂಕಿಗೇ ಇದೆ, ಆದ್ದರಿಂದ ರಾಜ್ಯದ ಲೇವಾದೇವಿ ಕಾಯ್ದೆ ಇವುಗಳಿಗೆ ಅನ್ವಯಿಸದು ಅಂತ. ಒಂದು ಎತ್ತಿಗೆ ಎರಡು ಮೂಗುದಾರ ಬೇಡ ಅನ್ನುವುದು ಅದರ ತಾತ್ಪರ್ಯ. ನಾನು ಸಾಲ ತೆಗೆದು ಮೂರು ತಿಂಗಳಿಗೆ ಬಂದ ತೀರ್ಪು, ನನಗೆ ಗೊತ್ತಾಗಿದ್ದು ಮೂರು ವರ್ಷಕ್ಕೆ.

ಎರಡು ಮೂಗುದಾರ ಬೇಡ, ಒಪ್ಪೋಣ. ಕಂಪನಿ ಇಪ್ಪತ್ತು ರಾಜ್ಯದಲ್ಲಿ ವ್ಯವಹಾರ ಮಾಡಿದರೆ ಇಪ್ಪತ್ತು ಬಡ್ಡಿ ಮಿತಿ, ಇಪ್ಪತ್ತು ಲೈಸೆನ್ಸು ಅಂದರೆ ಕಷ್ಟ, ಅದೂ ನಿಜ. ಆದರೆ ಇರುವ ಒಂದು ಮೂಗುದಾರದಲ್ಲಿ ಬಡ್ಡಿಯ ಗಂಟೇ ಇಲ್ಲ! ನನ್ನಂಥ ಸಾಲಕ್ಕೆ ಇಷ್ಟೇ ಬಡ್ಡಿ ಅಂತ ಆರ್‌ಬಿಐ ಮಿತಿ ಹಾಕಿಲ್ಲ. ಕಂಪನಿಯ ಬೋರ್ಡು ತಾನೇ ಒಂದು ಪದ್ಧತಿ ಮಾಡಿಕೊಂಡು ಬಡ್ಡಿ ನಿಗದಿ ಮಾಡಬೇಕು, ಅದನ್ನು ಸಾಲಗಾರನಿಗೆ ತಿಳಿಸಬೇಕು, ವಿಪರೀತ ಇರಬಾರದು, ಅಷ್ಟೇ. ವಿಪರೀತ ಅಂದರೆ ಎಷ್ಟು ಅನ್ನುವ ಅಂಕಿ ಇಲ್ಲ. ಅಂದರೆ ನಮ್ಮೂರಿನ ಲೈಸೆನ್ಸ್ ಇರುವ ಶೇಟು 14ರ ಮೇಲೆ ಒಂದು ರೂಪಾಯಿ ಕೇಳಿದರೆ ಕೇಸು, ಎದುರು ಕಟ್ಟಡದ ಎಸಿ ಆಫೀಸಿನವರು 15.5 ಕೇಳಿದರೆ ಅದು ಪಾಲಿಸಿ. ಕಾನೂನು ಸರಿ ಇರಬಹುದು, ನನಗೆ ಮಾತ್ರ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ.

ಕಳೆದ ಅಕ್ಟೋಬರಿನಲ್ಲಿ ಅಮೆರಿಕದಿಂದ ಚಿಕ್ಕಪ್ಪನ ಮಗ ಬಂದಿದ್ದ, ಹಾಸನಾಂಬೆ ದರ್ಶನಕ್ಕೆ. ಇಪ್ಪತ್ತು ವರ್ಷದಿಂದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿದ್ದಾನೆ. ಆ ಸರದಿ ಸಾಲು ಗೊತ್ತಲ್ಲ, ಗಂಟೆಗಟ್ಟಲೆ. ನಿಂತು ನಿಂತು ನನ್ನ ಸಾಲದ ಪುರಾಣ ಹೇಳಿದೆ. ಅವನು ನಕ್ಕು, ‘ಅಣ್ಣ, ಇದು ನಮ್ಮ ಊರಿನ ಕಥೆ, ನೀನು ಇಪ್ಪತ್ತು ವರ್ಷ ತಡವಾಗಿ ಹೇಳುತ್ತಿದ್ದೀಯ’ ಅಂದ. ಅವನು ಹೇಳಿದ್ದನ್ನು ಆಮೇಲೆ ನಾನೂ ಹುಡುಕಿ ಓದಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿ ಮನೆ ಸಾಲದ ಹೆಸರಿನಲ್ಲಿ ಬಡವರನ್ನು, ವಯಸ್ಸಾದವರನ್ನು ಸುಲಿಯುವುದು ಜಾಸ್ತಿಯಾದಾಗ ಮೊದಲು ಎದ್ದದ್ದು ರಾಜ್ಯಗಳು. 1999ರಲ್ಲಿ ನಾರ್ತ್ ಕೆರೊಲಿನಾ ಕಾನೂನು ಮಾಡಿತು. 2002ರಲ್ಲಿ ಜಾರ್ಜಿಯಾ ಇನ್ನೂ ಬಿಗಿಯಾದ ಕಾನೂನು ತಂದಿತು. ಅಲ್ಲಿ ದೊಡ್ಡ ಬ್ಯಾಂಕುಗಳು ‘ನ್ಯಾಷನಲ್ ಬ್ಯಾಂಕು’ ಅಂತ ಕೇಂದ್ರದ ಸನ್ನದು ಪಡೆದವು, ಅಬ್ರಹಾಂ ಲಿಂಕನ್ ಕಾಲದ, 1860ರ ದಶಕದ ಕಾಯ್ದೆ ಅದಕ್ಕೆ ಆಧಾರ. ಅವುಗಳನ್ನು ನೋಡಿಕೊಳ್ಳುವ ಕೇಂದ್ರ ಕಚೇರಿಗೆ ಒಸಿಸಿ ಅಂತ ಹೆಸರು. 2003ರಲ್ಲಿ ಒಂದು ಬ್ಯಾಂಕು ಕೇಳಿದ್ದಕ್ಕೆ ಒಸಿಸಿ ಹೇಳಿತು, ಜಾರ್ಜಿಯಾ ಕಾನೂನು ನಿಮಗಿಲ್ಲ ಅಂತ. 2004ರ ಜನವರಿಯಲ್ಲಿ ಎಲ್ಲಾ ನ್ಯಾಷನಲ್ ಬ್ಯಾಂಕುಗಳಿಗೂ ಅದೇ ನಿಯಮ ಮಾಡಿತು. ಕೇಂದ್ರದ ಕಾನೂನು ಬಂದು ರಾಜ್ಯದ ಕಾನೂನನ್ನು ಪಕ್ಕಕ್ಕೆ ಸರಿಸುವ ಇದಕ್ಕೆ ಅಲ್ಲಿ ಪ್ರೀಎಂಪ್ಷನ್ ಅನ್ನುತ್ತಾರೆ.

ಬ್ಯಾಂಕಿಗೆ ಸರಿ, ಬ್ಯಾಂಕಿನ ಕೆಳಗಿನ ಅಂಗ ಕಂಪನಿಗೆ? ಇದು ಚೆನ್ನಾಗಿದೆ ಕೇಳಿ. ವಾಕೋವಿಯಾ ಬ್ಯಾಂಕಿನ ಕೆಳಗೆ ವಾಕೋವಿಯಾ ಮಾರ್ಟ್‌ಗೇಜ್ ಅಂತ ಒಂದು ಕಂಪನಿ. ಅದು ಬ್ಯಾಂಕಲ್ಲ, ಬರೀ ಮನೆ ಸಾಲದ ಕಂಪನಿ. ಮಿಷಿಗನ್ ರಾಜ್ಯ ನಮ್ಮಲ್ಲಿ ನೋಂದಣಿ ಮಾಡಿಸಿ, ನಮ್ಮ ತಪಾಸಣೆಗೆ ಒಳಗಾಗಿ ಅಂದಿತು. ಬ್ಯಾಂಕಿನ ಮಗುವಿಗೂ ಬ್ಯಾಂಕಿನ ಕೊಡೆಯೇ ಅಂತ 2007ರ ಏಪ್ರಿಲಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದು–ಮೂರರಲ್ಲಿ ಹೇಳಿತು. ಮುಂದಿನ ವರ್ಷವೇ ಮನೆ ಸಾಲಗಳ ಗೋಪುರ ಕುಸಿಯಿತು, ವಾಕೋವಿಯಾ ತಾನೇ ಮುಳುಗುವ ಹಂತಕ್ಕೆ ಬಂದು ವೆಲ್ಸ್ ಫಾರ್ಗೋ ಪಾಲಾಯಿತು. ರಾಜ್ಯಗಳ ಕೈ ಕಟ್ಟಿದ್ದರಿಂದಲೇ ಕುಸಿಯಿತು ಅಂತ ನಾನು ಹೇಳುವುದಿಲ್ಲ, ಕಾರಣ ಹತ್ತಾರು ಇದ್ದವು. ಆದರೆ 2010ರ ಡಾಡ್–ಫ್ರಾಂಕ್ ಕಾಯ್ದೆಯಲ್ಲಿ ಅವರೇ ಆ ಅಂಗ ಕಂಪನಿಗಳ ಕೊಡೆ ಕಿತ್ತುಕೊಂಡರು, ಸಾಲಗಾರರಿಗಾಗಿಯೇ ಕೇಂದ್ರದಲ್ಲಿ ಒಂದು ಹೊಸ ಸಂಸ್ಥೆ ಮಾಡಿದರು.

ಜಗಳ ಮುಗಿದಿಲ್ಲವಂತೆ. ಅಲ್ಲಿ ಮನೆ ತೆರಿಗೆ, ಮನೆ ಇನ್ಶೂರೆನ್ಸಿನ ದುಡ್ಡನ್ನೂ ಕಂತಿನ ಜೊತೆ ಬ್ಯಾಂಕೇ ಮೊದಲು ವಸೂಲಿ ಮಾಡಿ ಇಟ್ಟುಕೊಳ್ಳುವ ಪದ್ಧತಿ ಇದೆ. ಹಾಗೆ ಇಟ್ಟ ದುಡ್ಡಿಗೆ ಕನಿಷ್ಠ ಶೇ 2 ಬಡ್ಡಿ ಕೊಡಿ ಅಂತ ನ್ಯೂಯಾರ್ಕ್ ರಾಜ್ಯದ ಕಾನೂನು. ನಮಗೆ ಅನ್ವಯಿಸದು ಅಂತ ಬ್ಯಾಂಕ್ ಆಫ್ ಅಮೆರಿಕ. 2024ರ ಮೇ 30ಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿದ್ದೇನೆಂದರೆ, ಸುಮ್ನೆ ಒಂದೇ ಗೆರೆ ಎಳೆದು ರಾಜ್ಯದ ಕಾನೂನು ಇಲ್ಲ ಅನ್ನಬೇಡಿ, ಆ ಕಾನೂನು ಬ್ಯಾಂಕಿನ ಕೆಲಸಕ್ಕೆ ನಿಜವಾಗಿ ಎಷ್ಟು ಅಡ್ಡ ಬರುತ್ತದೆ ಅಂತ ಒಂದೊಂದಾಗಿ ತೂಗಿ ನೋಡಿ ಅಂತ, ಪ್ರಕರಣವನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು. ‘ಮತ್ತೆ ನಿನಗೆ ಆ ಬಡ್ಡಿ ಬರುತ್ತಾ?’ ಅಂತ ಕೇಳಿದೆ. ‘ನಾನು ನ್ಯೂಯಾರ್ಕಿನಲ್ಲಿಲ್ಲ ಅಣ್ಣ’ ಅಂದ. ಅಷ್ಟರಲ್ಲಿ ಸಾಲು ಮುಂದೆ ಸರಿಯಿತು.

ಮತ್ತೆ ನಮ್ಮ ಶಾಖೆಗೆ ಬರೋಣ. 2025ರಲ್ಲಿ ಕಾಫಿಗೆ ಅಪ್ಪ ಜೀವನದಲ್ಲಿ ಕಾಣದ ಬೆಲೆ ಬಂತು. ಮಾರ್ಚಿನಲ್ಲಿ ಅಪ್ಪನೇ ‘ಆ ಸಾಲ ತೀರಿಸಿ ಮನೆ ಪತ್ರ ತಗೊಂಡು ಬಾ’ ಅಂದರು. ಅಷ್ಟೊತ್ತಿಗೆ 36 ಕಂತು ಕಟ್ಟಿದ್ದೆ, ಒಟ್ಟು 8 ಲಕ್ಷ 28 ಸಾವಿರ. ಅಸಲು ಕರಗಿದ್ದು 2 ಲಕ್ಷ 24 ಸಾವಿರ. ಬಾಕಿ 11 ಲಕ್ಷ 75 ಸಾವಿರ. ಈ ಲೆಕ್ಕ ನೋಡಿದಾಗ ಅಪ್ಪ ಏನೂ ಮಾತಾಡಲಿಲ್ಲ, ಎದ್ದು ಹೋಗಿ ಎಲೆ ಅಡಿಕೆ ಹಾಕಿಕೊಂಡರು. ಅಂದಹಾಗೆ, ಆ ಫೆಬ್ರವರಿಯಲ್ಲಿ ರೆಪೊ ದರ, ಅಂದರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರ, 6.5ರಿಂದ 6.25ಕ್ಕೆ ಇಳಿದಿತ್ತು. ನನ್ನದೂ ಫ್ಲೋಟಿಂಗ್ ತಾನೇ, ಇಳಿಯಲ್ವಾ ಅಂತ ಕೇಳಿದೆ. ಬ್ಯಾಂಕುಗಳಾದರೆ 2019ರ ಅಕ್ಟೋಬರಿನಿಂದ ಮನೆ ಸಾಲದ ಫ್ಲೋಟಿಂಗ್ ದರವನ್ನು ರೆಪೊದಂಥ ಹೊರಗಿನ ದರಕ್ಕೆ ಕಟ್ಟಬೇಕು. ಫೈನಾನ್ಸ್ ಕಂಪನಿಗೆ ಆ ಕಟ್ಟು ಇಲ್ಲ. ಅವರದೇ ದರಕ್ಕೆ ಅವರೇ ಕಟ್ಟಿಕೊಂಡಿರುತ್ತಾರೆ. ಹಗ್ಗದ ಎರಡೂ ತುದಿ ಒಬ್ಬರ ಕೈಯಲ್ಲೇ.

ಫೋರ್‌ಕ್ಲೋಷರ್ ಲೆಟರ್, ಅಂದರೆ ಅವಧಿಗೆ ಮೊದಲೇ ಸಾಲ ತೀರಿಸುವ ಲೆಕ್ಕದ ಪತ್ರ, ಕೊಟ್ಟರು. ಬಾಕಿಯ ಶೇ 4 ಶುಲ್ಕ, 47 ಸಾವಿರ. ಮೇಲೆ ಜಿಎಸ್‌ಟಿ. ಒಟ್ಟು 55 ಸಾವಿರದ ಮೇಲೆ. ನಾನು ಓದಿಕೊಂಡು ಹೋಗಿದ್ದೆ, ವ್ಯಕ್ತಿಗಳ ಫ್ಲೋಟಿಂಗ್ ಸಾಲಕ್ಕೆ ಈ ಶುಲ್ಕ ಹಾಕುವಂತಿಲ್ಲ ಅಂದೆ. ಮ್ಯಾನೇಜರ್ ನಗುತ್ತಾ ಅರ್ಜಿಯ ಪುಟ ತಿರುಗಿಸಿದರು. ‘ಸಾರ್, ಆ ನಿಯಮ ಬಿಸಿನೆಸ್ ಅಲ್ಲದ ಸಾಲಕ್ಕೆ. ನಿಮ್ಮದು ಬಿಸಿನೆಸ್.’ ನಿಯಮ ಹಾಗೇ ಇತ್ತು, 2019ರ ಆರ್‌ಬಿಐ ಸುತ್ತೋಲೆ ಸ್ಪಷ್ಟವಾಗಿ ‘ವ್ಯಾಪಾರ ಬಿಟ್ಟು ಬೇರೆ ಉದ್ದೇಶಕ್ಕೆ’ ಅನ್ನುತ್ತದೆ. ಮಗಳ ಕಾಲೇಜು ಫೀಸಿನ ರಸೀದಿ, ಗಾರೆ ಕೆಲಸದ ಬಿಲ್ಲು ತೋರಿಸಿದೆ. ಸಹಿ ಯಾರದು ಸಾರ್ ಅಂದರು. ನನ್ನದೇ. ಕಟ್ಟಿದೆ.

ಅಲ್ಲಿಗೆ ಒಂದು ಸ್ಟಾರ್. ಆದರೆ ಮಾರ್ಚ್ 10ಕ್ಕೆ ಸಾಲ ಚುಕ್ತಾ ಆದಮೇಲೆ ಆಟ ತಿರುಗಿತು. ಪತ್ರ ಚೆನ್ನೈಯಲ್ಲಿದೆ, ಬರಬೇಕು ಅಂದರು. ಬರಲಿಲ್ಲ. ಎರಡು ವಾರ ಆದಮೇಲೆ ಕೇಳಿದರೆ 30 ವರ್ಕಿಂಗ್ ಡೇಸ್ ಅಂದರು. ಆರ್‌ಬಿಐ 2023ರ ಸೆಪ್ಟೆಂಬರ್ 13ರ ಸುತ್ತೋಲೆಯಲ್ಲಿ ವರ್ಕಿಂಗ್ ಅನ್ನುವ ಪದವೇ ಇಲ್ಲ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರ ಕೊಡಬೇಕು, ನೋಂದಣಿಯಾದ ಋಣಭಾರ ತೆಗೆಸಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು. 2023ರ ಡಿಸೆಂಬರ್ 1ರಿಂದ ಜಾರಿ. ನನ್ನ ಪತ್ರ ಕೈಗೆ ಬಂದದ್ದು 37ನೇ ದಿನ, ಏಪ್ರಿಲ್ 16. ಏಳು ದಿನ ತಡ, 35 ಸಾವಿರ.

ಬಾಯಲ್ಲಿ ಕೇಳಿದ್ದಕ್ಕೆ ‘ಹಾಗೆಲ್ಲಾ ಯಾರೂ ಕೊಡಲ್ಲ ಸಾರ್’ ಅಂದರು. ಮರುದಿನ ಈಮೇಲ್ ಹಾಕಿದೆ, ತಾರೀಕು ಸಮೇತ, ಸುತ್ತೋಲೆಯ ಹೆಸರು ಸಮೇತ, ಪತ್ರ ತಗೊಂಡಾಗ ಬರೆಸಿಕೊಂಡ ಸ್ವೀಕೃತಿಯ ಫೋಟೋ ಸಮೇತ. 30 ದಿನ ಕಾದೆ, ಉತ್ತರ ಇಲ್ಲ. ಹಾಗೆ ಕಾದ ಮೇಲೆಯೇ ಆರ್‌ಬಿಐ ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ಅಹವಾಲು ಕೇಳುವ ಅಧಿಕಾರಿ, ದೂರು ತಗೊಳ್ಳುವುದು. ಸಿಎಂಎಸ್ ಅನ್ನುವ ಅವರ ಪೋರ್ಟಲಿನಲ್ಲಿ ಮಗಳು ಕೂತು ದೂರು ಹಾಕಿದಳು, ಫೀಸು ಇಲ್ಲ, ವಕೀಲರು ಬೇಡ. ಅನುಮಾನ ಇದ್ದರೆ 14448ಕ್ಕೆ ಫೋನ್ ಮಾಡಬಹುದು. ಜುಲೈನಲ್ಲಿ ಒಂದು ದಿನ ಯಾವ ಮಾತೂ ಇಲ್ಲದೆ 35 ಸಾವಿರ ಖಾತೆಗೆ ಬಂತು. ಆಮೇಲೆ ಶಾಖೆಯಿಂದ ಫೋನು, ‘ಸಾರ್, ಕಂಪ್ಲೇಂಟ್ ಕ್ಲೋಸ್ ಮಾಡಿಸಿ.’ ಈ ಸೇವೆಗೆ ನನ್ನ ಕಡೆಯಿಂದ ನಾಲ್ಕು ಸ್ಟಾರ್, ಒಂದು ಕಮ್ಮಿ ಯಾಕೆಂದರೆ ‘ಬಿಸಿನೆಸ್’ ಪದದ 55 ಸಾವಿರದ ವಿಷಯದಲ್ಲಿ ಅವರೂ ಸಹಿಯನ್ನೇ ನೋಡಿದರು. ಒಂದು ಮಾತು, ನೀವು ಸಾಲ ತೆಗೆದಿರುವುದು ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲಾದರೆ ಬಾಗಿಲು ಬೇರೆ. ಅವರ ಮೇಲಿನ ದೂರನ್ನು ರಾಷ್ಟ್ರೀಯ ವಸತಿ ಬ್ಯಾಂಕು, ಎನ್‌ಎಚ್‌ಬಿ, ನೋಡುತ್ತದೆ. ನಾನು ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ತಪ್ಪು ಕಚೇರಿಗೆ ಹೋದ ಹಾಗೆ ನೀವು ಹೋಗಬೇಡಿ, ಪತ್ರದ ಮೊದಲ ಪುಟದ ಸಣ್ಣಕ್ಷರ ನೋಡಿ.

ಇಷ್ಟೆಲ್ಲಾ ಆದಮೇಲೂ ಈ ಜನವರಿಯಲ್ಲಿ ಅದೇ ಶಾಖೆಯ ಮೆಟ್ಟಿಲು ಹತ್ತಿದೆ. ನನಗಲ್ಲ, ನನ್ನ ಭಾಮೈದನಿಗೆ. ‘ಭಾವ, ಬ್ಯಾಂಕಿನವರು ತಿಂಗಳಾದರೂ ಮಾತಾಡ್ತಿಲ್ಲ, ನಿಮ್ಮ ಕಂಪನಿಯವರು ಬೇಗ ಕೊಡ್ತಾರಂತಲ್ಲ’ ಅಂದ. ನನ್ನ ಕಂಪನಿಯಂತೆ! ಬೇಗ ಕೊಡುವುದು ಮಾತ್ರ ನಿಜ. 9 ಲಕ್ಷ, ಹಸು ಕೊಟ್ಟಿಗೆಗೂ ತಂಗಿ ಮದುವೆಗೂ. ಈ ಸಲ ನಾನು ಪಕ್ಕದಲ್ಲಿ ಕೂತೆ. ಇನ್ಶೂರೆನ್ಸ್ ಬೇಡ ಅಂದೆವು, ತೆಗೆದರು. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಿ ಅಂದೆ. 2024ರ ಅಕ್ಟೋಬರಿನಿಂದ ಅದು ಕಡ್ಡಾಯ, ಫೀಸು ಗೀಸು ಎಲ್ಲಾ ಸೇರಿಸಿದ ನಿಜವಾದ ವಾರ್ಷಿಕ ದರ ಅದರಲ್ಲಿ ಇರಬೇಕು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಇಂಗ್ಲಿಷಿನದು ಕೊಟ್ಟರು. ಇವನಿಗೆ ಅರ್ಥವಾಗುವುದು ಕನ್ನಡ ಅಂದೆ. ಸಿಸ್ಟಮ್‌ನಲ್ಲಿ ಇಲ್ಲ ಅಂದರು. ಹಾಗಾದರೆ ಬಂದಾಗ ಫೋನ್ ಮಾಡಿ ಅಂತ ಎದ್ದೆವು. ಮೂರನೇ ದಿನ ಫೋನ್ ಬಂತು, ಸಿಸ್ಟಮ್‌ನಲ್ಲಿ ಸಿಕ್ಕಿದೆಯಂತೆ.

ಕೌಂಟರಿನಲ್ಲಿ ಓದಿಸಿದೆ, ಸಾಲು ಸಾಲಾಗಿ, ಹಿಂದೆ ನಿಂತವರು ಗೊಣಗಿದರೂ ಬಿಡಲಿಲ್ಲ. ಬಡ್ಡಿ ಶೇ 14.75, ಫೀಸು ಸೇರಿದರೆ 15ರ ಮೇಲೆ. ರಾಜ್ಯದ ಬೋರ್ಡಿನ 14 ಈಗಲೂ ಆ ಎಸಿ ಕೋಣೆಯೊಳಗೆ ಬರುವುದಿಲ್ಲ. ಫ್ಲೋಟಿಂಗ್ ಅಂತ ಬರೆದಿತ್ತು. ಅವಧಿಗೆ ಮೊದಲು ತೀರಿಸಿದರೆ ಶುಲ್ಕ: ಇಲ್ಲ. 2025ರ ಜುಲೈನಲ್ಲಿ ಆರ್‌ಬಿಐ ಹೊಸ ನಿರ್ದೇಶನ ಕೊಟ್ಟು, 2026ರ ಜನವರಿ 1ರಿಂದ ಮಂಜೂರಾದ ಫ್ಲೋಟಿಂಗ್ ಸಾಲಕ್ಕೆ ಇದನ್ನು ಬಿಗಿ ಮಾಡಿದೆ, ಇಂಥ ದೊಡ್ಡ ಕಂಪನಿಗಳಾದರೆ 50 ಲಕ್ಷದವರೆಗಿನ ವ್ಯಾಪಾರದ ಸಾಲಕ್ಕೂ ಶುಲ್ಕ ಇಲ್ಲ. ನನ್ನ ಹಳೆ ಸಾಲಕ್ಕೆ ಅದು ಮುಟ್ಟಲಿಲ್ಲ, ಹೋಗಲಿ.

ಎಲ್ಲಾ ಸರಿ ಇದೆ ಅಂತ ಭಾಮೈದ ಪೆನ್ನು ತೆಗೆದ. ನಾನು ಹಾಳೆ ಇನ್ನೊಂದು ಸಲ ಎಳೆದುಕೊಂಡು ಅರ್ಜಿಯ ಮೊದಲ ಪುಟ ನೋಡಿದೆ. ಸಾಲದ ಉದ್ದೇಶ: ವ್ಯಾಪಾರ. ಈ ಸಲ ಅಚ್ಚ ಕನ್ನಡದಲ್ಲಿ. ‘ಈಗ ಅದರಿಂದ ಏನೂ ವ್ಯತ್ಯಾಸ ಆಗಲ್ಲ ಸಾರ್’ ಅಂದ ಹುಡುಗ, ಅವನು ಹೇಳಿದ್ದು ಸರಿಯೂ ಇತ್ತು. ಆದರೂ ಹೊಡೆದುಹಾಕಿಸಿ, ‘ಕೊಟ್ಟಿಗೆ ಮತ್ತು ಮದುವೆ’ ಅಂತ ಬರೆಸಿ, ಪಕ್ಕದಲ್ಲಿ ಅವನ ಹತ್ತಿರವೇ ಸಹಿ ಹಾಕಿಸಿಕೊಂಡೆ.